ಕೈಫೋನಿನ ಮೂರ್ಛೆ

ಹೋದ ಬೇಸಗೆಯ ಒಂದು ಬೆಳಗ್ಗೆ ನಮ್ಮ ಬೀದಿಯ ನೇಕಾರರೊಬ್ಬರು ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ನಮ್ಮ ಜಗಲಿಗೆ ಬಂದರು. ನನಗಿಂತ ಹತ್ತು ವರ್ಷ ಹಿರಿಯರು. ಬಿಚ್ಚಿದರೆ ಏಳು ವರ್ಷದ ಹಳೆಯ ಸ್ಮಾರ್ಟ್‌ಫೋನು!

“ಮೇಷ್ಟ್ರೇ, ರಾತ್ರಿಯಿಂದ ಕಣ್ಣೇ ಬಿಟ್ಟಿಲ್ಲ. ರಿಪೇರಿಯವನು ಒಳಗಿರೋದನ್ನೆಲ್ಲ ಅಳಿಸಬೇಕು ಅಂತಾನೆ. ಅಳಿಸಿಬಿಟ್ಟರೆ ನನಗೆ ಉಳಿಯೋದೇನು?” ಎಂದರು.

ಅವರ ಚಿಂತೆಗೆ ಕಾರಣವಿತ್ತು. ಸೀರೆಯ ಅಂಚು, ಸೆರಗು, ಬುಟ್ಟಾಗಳನ್ನು ಅವರ ತಂದೆಯವರು ಚೌಕಳಿ ಕಾಗದದಲ್ಲಿ ಬರೆದಿಟ್ಟ ಪುಸ್ತಕವೊಂದಿತ್ತು. ಅದಕ್ಕೆ ಗೆದ್ದಲು ಹತ್ತಿ ಹಾಳಾಯಿತು. ಅದಕ್ಕೆ ಮುಂಚೆ ಹಾಳೆಹಾಳೆಯಾಗಿ ತೆಗೆದಿದ್ದ ಚಿತ್ರಗಳು ಆ ಫೋನಿನಲ್ಲಲ್ಲದೆ ಬೇರೆಲ್ಲಿಯೂ ಇರಲಿಲ್ಲ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತದ್ದನ್ನು ತಾವು ಕೇಳಿರಬಹುದು. ಆ ಮನ್ನಣೆಯ ಬೇರು ಇಂಥ ಪುಸ್ತಕಗಳಲ್ಲಿದೆ.

ನಾನು ಕನ್ನಡ ಪಂಡಿತ, ಯಂತ್ರಗಳನ್ನು ಓದಿದವನಲ್ಲ. ಆದರೂ ಹಳೆಯ ಫೋನುಗಳ ಶುಶ್ರೂಷೆ ಹೇಗೋ ನನ್ನ ತಲೆಗೆ ಕಟ್ಟಿದೆ. ನಿದ್ರೆ, ಮೂರ್ಛೆ, ಮರಣ ಈ ಮೂರೂ ದೂರದಿಂದ ಒಂದೇ ಬಗೆಯಾಗಿ ಕಾಣುತ್ತವಷ್ಟೆ. ಯಾವುದೆಂದು ಅರಿಯದೆ ಔಷಧಿಗೆ ಕೈಹಾಕಬಾರದು.

ಮೊದಲು ಬೇರೊಂದು ಫೋನಿನಿಂದ ಆ ಸಂಖ್ಯೆಗೆ ಕರೆಮಾಡಿ ನೋಡಿರಿ. ಗಂಟೆ ಬಾರಿಸಿದರೆ ಜೀವವಿದೆ, ತೆರೆ ಮಾತ್ರ ಕುರುಡಾಗಿದೆ ಎಂದರ್ಥ. ಬಾರಿಸದಿದ್ದರೆ ವಿದ್ಯುತ್ ಗುಂಡಿಯನ್ನೂ ಧ್ವನಿ ಕಡಿಮೆಮಾಡುವ ಗುಂಡಿಯನ್ನೂ ಒಟ್ಟಿಗೆ ಇಪ್ಪತ್ತು ಮೂವತ್ತು ಸೆಕೆಂಡುಗಳ ಕಾಲ ಒತ್ತಿ ಹಿಡಿಯಿರಿ. ಹಿಂದೆ ಬೆನ್ನು ತೆಗೆದು ಬ್ಯಾಟರಿಯನ್ನು ಬಿಚ್ಚಿ ಹಾಕುತ್ತಿದ್ದೆವಲ್ಲ, ಈಗಿನ ಮುಚ್ಚಿದ ಫೋನುಗಳಲ್ಲಿ ಅದಕ್ಕೆ ಬದಲಾಗಿ ಇರುವ ಉಪಾಯ ಇದು. ಬಹುಪಾಲು ಆಂಡ್ರಾಯ್ಡ್ ಫೋನುಗಳು ಇದಕ್ಕೆ ಓಗೊಡುತ್ತವೆ. ಒಳಗಿನ ಚಿತ್ರಗಳಿಗೆ ಇದರಿಂದ ಏನೂ ಆಗದು.

ನೇಕಾರರ ಫೋನು ಇದಕ್ಕೂ ಜಗ್ಗಲಿಲ್ಲ. ಬೇರೆ ತಂತಿ, ಬೇರೆ ಚಾರ್ಜರು ಹಾಕಿದೆ. ತಂತಿಯ ತುದಿ ಒಳಗೆ ಪೂರ್ತಿ ಕೂರಲಿಲ್ಲ. ಬೆಳಕು ಹಿಡಿದು ನೋಡಿದರೆ ಚಾರ್ಜು ಮಾಡುವ ಬಾಯಿಯಲ್ಲಿ ಗಟ್ಟಿಯಾಗಿ ಅದುಮಿದ ನೂಲಿನ ಜೊಂಡು! ಮಗ್ಗದ ಮನೆಯಲ್ಲಿ ಹಗಲೆಲ್ಲ ಹಾರುವ ರೇಷ್ಮೆಯ ಎಳೆಗಳು, ಜೇಬಿನ ಹತ್ತಿಯ ಧೂಳು. ಮಗ್ಗದವರು ಇನ್ನೊಂದನ್ನು ಗಮನಿಸಬೇಕು: ಜರಿ ಲೋಹದ್ದಾದ್ದರಿಂದ ಅದರ ಚೂರು ಒಳಗೆ ಸಿಕ್ಕಿಕೊಂಡರೆ ವಿದ್ಯುತ್ತು ಅಡ್ಡದಾರಿ ಹಿಡಿಯಬಹುದು. ಫೋನು ಆರಿರುವಾಗ, ತಂತಿ ತೆಗೆದು, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಬೇಕು. ಗುಂಡುಸೂಜಿ ಬೇಡ, ನೀರೂ ಬೇಡ.

ತಂತಿ ಕೂತಿತು, ಆದರೆ ತೆರೆ ಕಪ್ಪಾಗಿಯೇ ಇತ್ತು. ನೇಕಾರರು ಎದ್ದು ಹೊರಟರು. ಕೂರಿಸಿ ಮಜ್ಜಿಗೆ ಕೊಟ್ಟೆ. ಇಲ್ಲಿ ಅವಸರಪಟ್ಟವರೇ ಹೆಚ್ಚು. ಫೋನಿನ ಲಿಥಿಯಮ್ ಬ್ಯಾಟರಿ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟು ಅಥವಾ ತುಸು ಹೆಚ್ಚು ಇರುತ್ತದೆ. 3 ವೋಲ್ಟಿಗಿಂತ ಕೆಳಗಿಳಿದು ಬರಿದಾದರೆ ಒಮ್ಮೆಲೇ ಉಣ್ಣಲಾರದು. ಉಪವಾಸ ಬಿಟ್ಟವನಿಗೆ ಗಂಜಿ ಕುಡಿಸುವಂತೆ ಅದರ ಕಾವಲುಮಂಡಲ ಹನಿಹನಿಯಾಗಿ ವಿದ್ಯುತ್ತನ್ನು ಒಳಬಿಡುತ್ತದೆ. ಆಗ ತೆರೆಯ ಮೇಲೆ ಏನೂ ಕಾಣದು. ಅರ್ಧ ಗಂಟೆಯಾದರೂ ಕಾಯಬೇಕು, ಒಮ್ಮೊಮ್ಮೆ ಹೆಚ್ಚು. ನಮ್ಮಲ್ಲಿ ಇನ್ನೊಂದು ಕಷ್ಟ ಬಿಸಿಲು. ಸುಮಾರು 45 ಡಿಗ್ರಿ ದಾಟಿ ಕಾದ ಬ್ಯಾಟರಿಯನ್ನು ಫೋನು ತಾನೇ ಚಾರ್ಜು ಮಾಡಗೊಡದು. ತಗಡಿನ ಸೂರಿನ ಕೆಳಗೆ, ದಪ್ಪ ಕವಚದೊಳಗೆ ಅಷ್ಟು ಕಾಯುವುದು ಕಷ್ಟವಲ್ಲ. ಕವಚ ಬಿಚ್ಚಿ ಒಳಮನೆಯ ತಣ್ಣನೆಯ ನೆಲದ ಮೇಲೆ ಇಟ್ಟೆವು.

ಮುಕ್ಕಾಲು ಗಂಟೆಗೆ ಬ್ಯಾಟರಿಯ ಚಿತ್ರ ಮೂಡಿತು. ನೇಕಾರರು ಆತುರದಿಂದ ತಂತಿ ಕಿತ್ತು ಗುಂಡಿ ಒತ್ತಿದರು. ಕಂಪನಿಯ ಹೆಸರು ಬಂತು, ಆರಿತು. ಮತ್ತೆ ಬಂತು, ಮತ್ತೆ ಆರಿತು. ಇದನ್ನು ಕಂಡೇ ರಿಪೇರಿಯವನು ಅಳಿಸಬೇಕೆಂದದ್ದು. ಆದರೆ ಮುದಿ ಬ್ಯಾಟರಿಯೂ ಹೀಗೆ ಮಾಡುತ್ತದೆ. ಏಳುವ ಹೊತ್ತಿಗೆ ಫೋನು ಹೆಚ್ಚು ವಿದ್ಯುತ್ತನ್ನು ಒಟ್ಟಿಗೇ ಕೇಳುತ್ತದೆ. ಬ್ಯಾಟರಿಯ ಒಳತಡೆ ವಯಸ್ಸಿನೊಂದಿಗೆ ಹೆಚ್ಚಿರುತ್ತದೆ. ವೋಲ್ಟು ಕುಸಿದು ಫೋನು ಬೀಳುತ್ತದೆ. ಹೀಗೆ ದಿಢೀರನೆ ಆರದಿರಲೆಂದು ಹಳೆಯ ಐಫೋನುಗಳ ವೇಗವನ್ನೇ ತಗ್ಗಿಸಿದ್ದಾಗಿ ಆ್ಯಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಪರೀಕ್ಷೆ ಸುಲಭ: ಪೂರ್ತಿ ಚಾರ್ಜಾದ ಮೇಲೆ, ತಂತಿ ಇರುವಾಗಲೇ ಎಬ್ಬಿಸಿ ನೋಡುವುದು. ಎದ್ದು ನಿಂತರೆ ದೋಷ ಬಹುಮಟ್ಟಿಗೆ ಬ್ಯಾಟರಿಯದು.

ಆಗಲೂ ಸುತ್ತುತ್ತಲೇ ಇದ್ದರೆ ಒಳಗಿನ ತಂತ್ರಾಂಶವನ್ನು ಶಂಕಿಸಬೇಕು. ಅನೇಕ ಫೋನುಗಳು ಹೆಸರು ಮೂಡಿದಾಗ ಧ್ವನಿ ತಗ್ಗಿಸುವ ಗುಂಡಿ ಹಿಡಿದರೆ ‘ಸೇಫ್ ಮೋಡ್’ನಲ್ಲಿ ಏಳುತ್ತವೆ, ಆಗ ನಾವು ಹಾಕಿಕೊಂಡ ಆ್ಯಪುಗಳು ಮಲಗಿರುತ್ತವೆ, ತಂಟೆಯದನ್ನು ತೆಗೆಯಬಹುದು. ‘ರಿಕವರಿ’ಯ ಪಟ್ಟಿಗೆ ಹೋದವರು ಮಾತ್ರ ಓದಿ ಒತ್ತಬೇಕು. ಕೆಲವು ಫೋನುಗಳಲ್ಲಿರುವ ‘ವೈಪ್ ಕ್ಯಾಶ್’ ಕಸ ಗುಡಿಸುತ್ತದೆ, ‘ವೈಪ್ ಡೇಟಾ’ ಮನೆಯನ್ನೇ ಗುಡಿಸುತ್ತದೆ. ಅಕ್ಷರ ಹೇಳಿಕೊಡುವವನಾಗಿ ಈ ಒಂದು ಪದದ ಅಂತರಕ್ಕೆ ನಾನು ಬೆವತಿದ್ದೇನೆ. ಗುಡಿಸಿದ ಮೇಲೆಯೂ ಹಳೆಯ ಗೂಗಲ್ ಖಾತೆಯ ಗುಪ್ತಪದ ಕೇಳುವುದುಂಟು.

ಬೆನ್ನು ಉಬ್ಬಿದ ಫೋನಿಗೆ ಮೇಲಿನದೊಂದೂ ಸಲ್ಲದು. ಚಾರ್ಜು ಮಾಡಬೇಡಿರಿ, ಅದುಮಬೇಡಿರಿ, ಚುಚ್ಚಬೇಡಿರಿ. ಬೆಂಕಿ ಏಳುವ ಅಪಾಯವಿದೆ. ನೇರ ಬಲ್ಲವರ ಕೈಗೆ ಕೊಡಿರಿ. ನೀರಿಗೆ ಬಿದ್ದುದನ್ನು ಅಕ್ಕಿಯಲ್ಲಿ ಹೂಳುವುದೂ ಬೇಡ, ಅಕ್ಕಿಯ ಧೂಳು ಒಳಹೊಕ್ಕೀತು.

ಸಂಜೆ ನಾಲ್ಕಕ್ಕೆ, ತಂತಿ ಸಹಿತವಾಗಿ, ಫೋನು ಎದ್ದಿತು. ನೇಕಾರರ ಬೆರಳು ನಡುಗುತ್ತಿತ್ತು. ಒಂದೊಂದೇ ಹಾಳೆ ತೆರೆಯ ಮೇಲೆ ಸರಿಯಿತು: ಗಿಳಿ, ಮಾವಿನಕಾಯಿ, ಬಳ್ಳಿ, ಮೂಲೆಯಲ್ಲಿ ಅವರ ತಂದೆಯವರ ಕೈಬರಹದ ಎಳೆಲೆಕ್ಕ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಚಪಡನೆಂಬ ಲಿಪಿಕಾರ ಬರೆದ ಅಶೋಕನ ಶಾಸನ 2200 ವರ್ಷಕ್ಕೂ ಮಿಕ್ಕಿ ಉಳಿದಿದೆ. ಅದಕ್ಕೆ ಚಾರ್ಜರು ಬೇಕಾಗಲಿಲ್ಲ ಎಂದೆ. ನೇಕಾರರು ನಗಲಿಲ್ಲ, “ಮೊದಲು ಇಳಿಸಿಕೊಳ್ಳಿ ಮೇಷ್ಟ್ರೇ” ಎಂದರು. ತಂತಿ ಕೀಳದೆಯೇ ಚಿತ್ರಗಳನ್ನು ನನ್ನ ಫೋನಿಗೂ ಅವರ ಮಗಳ ಫೋನಿಗೂ ಕಳುಹಿಸಿದೆವು. ಮರುದಿನ ಅವರು ಹೊಸ ಬ್ಯಾಟರಿ ಹಾಕಿಸಲು ಚಳ್ಳಕೆರೆಯ ಬಸ್ಸು ಹತ್ತಿದರು. ಹಾಳೆಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸುವ ಕೆಲಸವನ್ನು ನನಗೆ ಒಪ್ಪಿಸಿ ಹೋದರು.