ಒಂದೇ ಹಾಡು, 6 ನಿಮಿಷ, 10 ನಿಮಿಷ

ರಿಚರ್ಡ್ ಸ್ಟ್ರೌಸ್ ರಚಿಸಿದ ‘ನಾಲ್ಕು ಕೊನೆಯ ಹಾಡುಗಳು’ ಮೊದಲು ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ. ವಾದ್ಯವೃಂದ ನಡೆಸಿದವರು ಫುರ್ಟ್‌ವೆಂಗ್ಲರ್. ಖರ್ಚಿಗೆ ಹೊಣೆ ನಿಂತವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು. ಅಂದಿನ ಧ್ವನಿಮುದ್ರಣ ತಮ್ಮ ಸಂಗ್ರಹಕ್ಕೆ ಬರಲೆಂಬ ಆಸೆ ಅವರದು. ಆಮೇಲೆ ಎಷ್ಟೋ ಧ್ವನಿಮುದ್ರಣಗಳು ಬಂದವು. ಕೊನೆಯ ಹಾಡು ‘ಸಂಜೆಗೆಂಪಿನಲ್ಲಿ’ 1953ರಲ್ಲಿ ಕಾರ್ಲ್ ಬೋಮ್ ಕೈಯಲ್ಲಿ ಸುಮಾರು 6 ನಿಮಿಷ. 1982ರಲ್ಲಿ ಕುರ್ಟ್ ಮಜೂರ್ ಕೈಯಲ್ಲಿ ಹತ್ತಿರ ಹತ್ತಿರ 10.

ಸ್ವರಲಿಪಿ ಒಂದೇ ಆದ ಮೇಲೆ ಎರಡರಲ್ಲಿ ಒಂದು ತಪ್ಪಿರಬೇಕಲ್ಲ ಎನ್ನಬಹುದು. ಸ್ಟ್ರೌಸ್ ಕೇಳಿದ್ದು ನಡಿಗೆಯ ಗತಿ. ಆ ಲೆಕ್ಕದಲ್ಲಿ ಬೋಮ್ ಅವರದೇ ಮೇಲುಗೈ. ಆದರೆ ಮಜೂರ್ ಜೊತೆ ಹಾಡಿದ ಜೆಸ್ಸಿ ನಾರ್ಮನ್ ಅವರ ಉಸಿರಿನ ಉದ್ದ ಗಮನಿಸಿ: ಅಷ್ಟು ನಿಧಾನದಲ್ಲೂ ಸಾಲು ತುಂಡಾಗುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಮಧ್ಯಲಯವನ್ನೂ ಭೀಮಸೇನ ಜೋಶಿಯವರ ವಿಳಂಬಿತವನ್ನೂ ಒಪ್ಪಿಕೊಂಡ ನಮ್ಮ ಕಿವಿಗೆ ಇದೇನು ಹೊಸದಲ್ಲ. ಹಾಗಂತ ಹೇಗೆ ನುಡಿಸಿದರೂ ಸರಿ ಎಂದಲ್ಲ. ಕೊನೆಯಲ್ಲಿ ಕೊಳಲುಗಳು ಬಾನಾಡಿಗಳಂತೆ ಉಲಿಯುವಾಗ ಲಯ ಕುಸಿದರೆ ಹಾಡು ಅಲ್ಲೇ ಕೆಡುತ್ತದೆ. ನನ್ನ ಮತವೇನೋ ಬೋಮ್ ಅವರಿಗೇ. ನೀವು ರಾಜಾಜಿನಗರದಲ್ಲಿರಿ, ಕೆಂಗೇರಿಯಲ್ಲಿರಿ, ಎರಡೂ ಮೊಬೈಲಿನಲ್ಲೇ ಸಿಗುತ್ತವೆ. ಇವತ್ತು ಒಂದರ ಹಿಂದೊಂದು ಕೇಳಿ, ನೀವೇ ತೀರ್ಮಾನಿಸಿ.