ಕಾಗದದಲ್ಲಿ ಯಾರ ಹೆಸರಿದೆ?

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ,



ಈಗ ನೀವು ಅಕ್ಷರ ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುತ್ತೀರಿ. ರೇಷನ್ ಕಾರ್ಡಿನಲ್ಲಿ ಯಾರ ಯಾರ ಹೆಸರಿದೆ ಅಂತ ನೀವೇ ನೋಡಿಕೊಳ್ಳುತ್ತೀರಿ. ಹೆಬ್ಬೆಟ್ಟು ಒತ್ತುತ್ತಿದ್ದ ಕಡೆ ರುಜು ಹಾಕುತ್ತೀರಿ. ಇದು ಸಣ್ಣ ಸಂಗತಿ ಅಲ್ಲ. ಅದಕ್ಕೇ ಇವತ್ತು ನಾವೆಲ್ಲ ಸೇರಿ ಒಂದು ದೊಡ್ಡ ಮಾತನ್ನು ಯೋಚಿಸೋಣ.

ಎಲ್ಲರೂ ಸಮಾನರು ಅಂತ ಹೇಳ್ತಾರೆ. ಆಗಸ್ಟ್ 15ಕ್ಕೆ ಹೇಳ್ತಾರೆ. ಜನವರಿ 26ಕ್ಕೆ ಹೇಳ್ತಾರೆ. ವೋಟು ಕೇಳೋಕೆ ಬಂದವರೂ ಹೇಳ್ತಾರೆ. ಈ ಮಾತು ನಿಜವಾ? ನಮ್ಮ ಊರಲ್ಲಿ, ನಮ್ಮ ಮನೇಲಿ ಸಮಾನತೆ ಇದೆಯಾ?

ಮೊದಲು ಕಾನೂನು ಏನು ಹೇಳುತ್ತೆ ನೋಡೋಣ. ನಮ್ಮ ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಅದರ 14ನೇ ವಿಧಿ ಹೇಳುತ್ತೆ: ಕಾನೂನಿನ ಮುಂದೆ ಎಲ್ಲರೂ ಸಮಾನರು. 15ನೇ ವಿಧಿ ಹೇಳುತ್ತೆ: ಧರ್ಮ, ಜಾತಿ, ಗಂಡು-ಹೆಣ್ಣು, ಹುಟ್ಟಿದ ಊರು ಅಂತ ಸರ್ಕಾರ ಭೇದ ಮಾಡಬಾರದು. 17ನೇ ವಿಧಿ ಹೇಳುತ್ತೆ: ಅಸ್ಪೃಶ್ಯತೆ ರದ್ದಾಗಿದೆ. ಯಾರೂ ಅದನ್ನು ಆಚರಿಸಬಾರದು. ಮಾತು ಸ್ಪಷ್ಟವಾಗಿದೆ. ಕಾಗದದ ಮೇಲೆ ಸಮಾನತೆ ಇದೆ.

ಕಾಗದದಿಂದ ಆಚೆಗೂ ಒಂದು ದಿನ ಅದು ಕಣ್ಣಿಗೆ ಕಾಣುತ್ತೆ. ಅದು ವೋಟಿನ ದಿನ. ಜಮೀನಿನ ಯಜಮಾನನೂ ಅದೇ ಸಾಲಿನಲ್ಲಿ ನಿಲ್ಲಬೇಕು. ಅವನ ಹೊಲದಲ್ಲಿ ಕಳೆ ಕೀಳುವವಳೂ ಅದೇ ಸಾಲಿನಲ್ಲಿ ನಿಲ್ಲುತ್ತಾಳೆ. ಇಬ್ಬರ ಬೆರಳಿಗೂ ಒಂದೇ ಶಾಯಿ. ಅವನದೂ ಒಂದು ವೋಟು, ಇವಳದೂ ಒಂದು ವೋಟು. ಶ್ರೀಮಂತ ದೇಶ ಸ್ವಿಟ್ಜರ್‌ಲೆಂಡಿನ ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ವೋಟು ಸಿಕ್ಕಿದ್ದು 1971ರಲ್ಲಿ. ನಮ್ಮಲ್ಲಿ 1951-52ರ ಮೊದಲ ಮಹಾ ಚುನಾವಣೆಯಲ್ಲೇ ಎಲ್ಲ ಹೆಂಗಸರಿಗೂ ವೋಟಿತ್ತು.

ಆದರೆ ಆ ಚುನಾವಣೆಯಲ್ಲಿ ಒಂದು ಸಂಗತಿ ನಡೆಯಿತು. ಮತದಾರರ ಪಟ್ಟಿ ಬರೆಯುವವರು ಮನೆಮನೆಗೆ ಹೋದರು. "ಏನಮ್ಮಾ ನಿನ್ನ ಹೆಸರು?" ಅಂತ ಕೇಳಿದರು. ಬಹಳ ಹೆಂಗಸರು ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ ಅಂದರು. ಇಂಥವರ ತಾಯಿ ಅಂದರು. ಉತ್ತರದ ರಾಜ್ಯಗಳಲ್ಲಿ ಇದು ಹೆಚ್ಚಾಗಿತ್ತು. ಹೆಸರಿಲ್ಲದೆ ಪಟ್ಟಿ ಮಾಡೋದು ಹೇಗೆ? ಕೊನೆಗೆ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಟ್ಟರು. ಹಕ್ಕು ಇತ್ತು. ಹೆಸರು ಇರಲಿಲ್ಲ. ಹಾಗಾಗಿ ವೋಟೂ ಇಲ್ಲವಾಯಿತು.

ಈಗ ಕಾಲ ಬದಲಾಗಿದೆ. 2019 ಮತ್ತು 2024ರ ಲೋಕಸಭೆ ಚುನಾವಣೆಗಳ ಲೆಕ್ಕ ನೋಡಿ. ನೂರಕ್ಕೆ ಎಷ್ಟು ಜನ ವೋಟು ಹಾಕಿದರು ಅಂತ ಎಣಿಸಿದರೆ, ಹೆಂಗಸರು ಗಂಡಸರಿಗಿಂತ ಕೂದಲೆಳೆಯಷ್ಟು ಮುಂದೆ ಇದ್ದಾರೆ. ಅಂದರೆ ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರು ಸೇರಿತು. ಬೇರೆ ಕಾಗದಗಳಲ್ಲಿ ಸೇರಿದೆಯಾ? ಸಮಾನತೆ ಇದೆಯೋ ಇಲ್ಲವೋ ಅಂತ ತಿಳಿಯಬೇಕಾದರೆ ಇದೇ ಪರೀಕ್ಷೆ. ಒಂದೊಂದೇ ಕಾಗದ ತೆಗೆದು ನೋಡೋಣ.

ಮೊದಲನೆಯದು ಕೂಲಿಯ ಲೆಕ್ಕ.

ನಮ್ಮ ಹಳ್ಳಿಗಳಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು ಕೂಲಿ. ಕೇಳಿದರೆ, "ಗಂಡಸಿನ ಕೆಲಸ ಕಷ್ಟದ್ದು" ಅಂತಾರೆ. ಇಡೀ ದಿನ ಕೆಸರಲ್ಲಿ ಸೊಂಟ ಬಗ್ಗಿಸಿ ನಾಟಿ ಹಾಕೋದು ಸುಲಭದ ಕೆಲಸವಾ? ಒಂದೇ ಬಗೆಯ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಕೊಡಬೇಕು ಅಂತ 1976ರಲ್ಲೇ ಸಮಾನ ವೇತನ ಕಾಯ್ದೆ ಬಂತು. 2019ರ ವೇತನ ಸಂಹಿತೆಯಲ್ಲೂ ಈ ಮಾತು ಇದೆ. ಆದರೆ ಹೊಲದ ಬದುವಿನ ಮೇಲೆ ನಿಂತು ಕೂಲಿ ಹಂಚುವಾಗ ಇದನ್ನು ನೆನೆಸುವವರು ಕಡಿಮೆ. ಅಲ್ಲಿ ಕಾಗದವೇ ಇಲ್ಲ. ಬಾಯಿಮಾತಿನ ಲೆಕ್ಕ.

ಕಾಗದ ಇದ್ದ ಕಡೆ ಏನಾಯಿತು? 2005ರಲ್ಲಿ ಉದ್ಯೋಗ ಖಾತರಿ ಕಾಯ್ದೆ ಬಂತು. ಕೆರೆ ಹೂಳು ಎತ್ತುವ ಕೆಲಸ, ಬದು ಹಾಕುವ ಕೆಲಸ ನಡೆಯಿತು. ಹಾಜರಿ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರು ಬರೆದರು. ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ ದರ ಇರಲಿಲ್ಲ. ಕೂಲಿ ಬ್ಯಾಂಕು ಅಥವಾ ಅಂಚೆ ಕಚೇರಿಯ ಖಾತೆಗೆ ಬಂತು. ಆ ಕೆಲಸಕ್ಕೂ ತೊಡಕುಗಳಿದ್ದವು. ಆದರೂ ಸಮನಾದ ಕೂಲಿ ಕೊಟ್ಟರೆ ಲೋಕ ಮುಳುಗೋದಿಲ್ಲ ಅನ್ನೋದು ಎಲ್ಲರಿಗೂ ಗೊತ್ತಾಯಿತು.

ಎರಡನೆಯದು ಕರೆಯುವ ಹೆಸರು. ಇದು ಕಾಗದದಲ್ಲಿ ಇರೋದಿಲ್ಲ, ನಾಲಿಗೆಯಲ್ಲಿ ಇರುತ್ತೆ.

ಮೇಲು ಜಾತಿಯ ಹುಡುಗನಿಗೆ ಇನ್ನೂ ಮೀಸೆ ಬಂದಿರೋದಿಲ್ಲ. ಅವನನ್ನು "ಸ್ವಾಮಿ, ಬನ್ನಿ" ಅಂತ ಕರೀತಾರೆ. ಕೇರಿಯ ಅಜ್ಜನಿಗೆ ತಲೆ ಎಲ್ಲಾ ಬೆಳ್ಳಗಾಗಿದೆ. ಅವನನ್ನು ಅದೇ ಹುಡುಗ "ಬಾರೋ, ಹೋಗೋ" ಅನ್ನುತ್ತಾನೆ. ಎಷ್ಟೋ ಕಡೆ ಟೀ ಅಂಗಡಿಯಲ್ಲಿ ಕೇರಿಯವರಿಗೆ ಬೇರೆ ಲೋಟ ಇಟ್ಟಿದ್ದನ್ನು ನಾವು ಕಂಡಿದ್ದೇವೆ. ಈಗ ಕೆಲವು ಕಡೆ ಎಲ್ಲರಿಗೂ ಕಾಗದದ ಲೋಟ ಬಂದಿದೆ. ಲೋಟ ಬದಲಾಯಿತು, ಸಂತೋಷ. ಮನಸ್ಸು ಬದಲಾಯಿತಾ? ಅಸ್ಪೃಶ್ಯತೆ ಆಚರಿಸಿದರೆ ಶಿಕ್ಷೆ ಅಂತ 1955ರಲ್ಲೇ ಕಾಯ್ದೆ ಆಯಿತು. ಜಾತಿ ಹೆಸರಿನ ದೌರ್ಜನ್ಯ ತಡೆಯೋಕೆ 1989ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ಇಂಥ ಕಾಯ್ದೆ ಇನ್ನೂ ಬೇಕಾಗಿದೆ ಅಂದರೇನೇ ಸಮಾನತೆ ಪೂರ್ತಿ ಬಂದಿಲ್ಲ ಅಂತ ಅರ್ಥ.

ಮೂರನೆಯದು ಪಹಣಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡೋಣ.

ಪಹಣಿಯಲ್ಲಿ 9ನೇ ಕಲಂ ಅಂತ ಒಂದಿದೆ. ಭೂಮಿ ಯಾರದು ಅಂತ ಅಲ್ಲಿ ಬರೆದಿರುತ್ತೆ. ಹೊಲದಲ್ಲಿ ಬಿತ್ತನೆಯಿಂದ ಕುಯ್ಲಿನವರೆಗೆ ದುಡಿಯುವ ಹೆಂಗಸರು ಕೋಟಿಗಟ್ಟಲೆ ಇದ್ದಾರೆ. ಆದರೆ 2015-16ರ ಕೃಷಿ ಗಣತಿ ಪ್ರಕಾರ ದೇಶದ ನೂರು ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿ ಇದ್ದದ್ದು ಸುಮಾರು 14 ಮಾತ್ರ. ಯಾಕೆ ಹೀಗೆ?

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಅಂತ ಗಾದೆ ಇದೆ. ಹಳೆಯ ಕಾನೂನೂ ಹೆಚ್ಚು ಕಡಿಮೆ ಹೀಗೇ ಇತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡು ಮಕ್ಕಳಿಗೆ ಮಾತ್ರ ಇತ್ತು. ಕರ್ನಾಟಕದಲ್ಲಿ 1994ರಲ್ಲಿ ತಿದ್ದುಪಡಿ ಜಾರಿಗೆ ಬಂತು. ಹೆಣ್ಣು ಮಕ್ಕಳಿಗೂ ಹಕ್ಕು ಸಿಕ್ಕಿತು. ಆದರೆ ಅದಕ್ಕೆ ಮೊದಲೇ ಮದುವೆ ಆಗಿದ್ದವರು ಹೊರಗೆ ಉಳಿದರು. 2005ರ ಸೆಪ್ಟೆಂಬರ್ 9ರಂದು ಇಡೀ ದೇಶಕ್ಕೆ ಹೊಸ ತಿದ್ದುಪಡಿ ಬಂತು. ಮದುವೆ ಆಗಿರಲಿ, ಆಗದಿರಲಿ, ಮಗಳಿಗೂ ಮಗನಷ್ಟೇ ಪಾಲು ಅಂತ ಆಯಿತು. ಆ ದಿನ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಕೆಲವು ಮಾತು ನೆನಪಿಡಿ. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಕಾನೂನು ಪ್ರಕಾರ ಪಾಲಾಗಿ ಮುಗಿದಿದ್ದರೆ ಅದನ್ನು ಮತ್ತೆ ಕೆದಕುವಂತಿಲ್ಲ. ತಂದೆ ತಾನೇ ದುಡಿದು ಮಾಡಿದ ಆಸ್ತಿಯನ್ನು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಉಯಿಲು ಬರೆಯದೆ ತೀರಿಕೊಂಡರೆ ಅವನ ಹೆಂಡತಿಗೆ, ತಾಯಿಗೆ, ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು. ಈ ಕಾಯ್ದೆ ಎಲ್ಲರಿಗೂ ಅಲ್ಲ. ಪರಿಶಿಷ್ಟ ಪಂಗಡದವರಿಗೆ ಇದು ನೇರವಾಗಿ ಅನ್ವಯಿಸುವುದಿಲ್ಲ. ಮುಸ್ಲಿಂ ಕಾನೂನಿನಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ ಬರುತ್ತೆ. ಕ್ರೈಸ್ತರಲ್ಲಿ ಮಗ ಮಗಳಿಗೆ ಸಮಪಾಲು. ನಿಮ್ಮದು ಯಾವುದು ಅಂತ ತಿಳಿದುಕೊಳ್ಳಿ.

ಕಾನೂನು ಬಂತು. ಪಹಣಿಯಲ್ಲಿ ಹೆಸರು ಯಾಕೆ ಬರಲಿಲ್ಲ? ಎರಡು ಕಡೆ ಹೆಸರು ಜಾರಿ ಹೋಗುತ್ತೆ.

ಒಂದು, ವಂಶವೃಕ್ಷ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಬೇಕು. ಅದಕ್ಕೆ ವಂಶವೃಕ್ಷ ಬೇಕು. ಎಷ್ಟೋ ವಂಶವೃಕ್ಷದಲ್ಲಿ ಗಂಡು ಮಕ್ಕಳ ಹೆಸರು ಮಾತ್ರ ಇರುತ್ತೆ. ಅದೇ ಮನೇಲಿ ಹುಟ್ಟಿ, ಅದೇ ಹಿತ್ತಲಲ್ಲಿ ಆಡಿ ಬೆಳೆದ ಮಗಳು ಆ ಮರದಲ್ಲಿ ಒಂದು ಕೊಂಬೆಯೂ ಅಲ್ಲ.

ಇನ್ನೊಂದು, ಹಕ್ಕು ಬಿಡುಗಡೆ ಪತ್ರ. ಹಬ್ಬಕ್ಕೆ ತವರಿಗೆ ಬಂದ ತಂಗಿಗೆ ಅಣ್ಣ ಸೀರೆ ಕೊಡುತ್ತಾನೆ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕೊಡುತ್ತಾನೆ. "ಇಲ್ಲೊಂದು ರುಜು ಹಾಕವ್ವ, ಬ್ಯಾಂಕ್ ಸಾಲಕ್ಕೆ ಬೇಕು" ಅನ್ನುತ್ತಾನೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗುತ್ತಾನೆ. ಅವಳು ಓದದೆ ರುಜು ಹಾಕುತ್ತಾಳೆ. ಅಲ್ಲಿಗೆ ಅವಳ ಪಾಲು ಮುಗಿಯಿತು.

ಯೋಚಿಸಿ ನೋಡಿ. ಹೆಬ್ಬೆಟ್ಟು ಬಿಟ್ಟು ರುಜು ಕಲಿತದ್ದು ಇದಕ್ಕಾ? ರುಜು ಹಾಕೋಕೆ ಬಂದು ಓದೋಕೆ ಬರದಿದ್ದರೆ, ಆ ರುಜು ಹೆಬ್ಬೆಟ್ಟಿಗಿಂತ ಮೇಲೇನೂ ಅಲ್ಲ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ನೂರು ಗಂಡಸರಲ್ಲಿ 82 ಮಂದಿ ಓದು ಬರಹ ಬಲ್ಲವರು. ಹೆಂಗಸರಲ್ಲಿ 68 ಮಂದಿ. ನಡುವಿನ ಈ ಅಂತರದಲ್ಲಿ ಎಷ್ಟು ಎಕರೆ ಕೈಬಿಟ್ಟು ಹೋಗಿದೆಯೋ!

ಇಲ್ಲಿ ಕೆಲವರು ಕೇಳ್ತಾರೆ: "ಪಾಲು ಕೇಳಿದರೆ ತವರು ತಪ್ಪಿ ಹೋಗುತ್ತಲ್ಲ? ನಾಳೆ ಗಂಡನ ಮನೇಲಿ ಕಷ್ಟ ಬಂದರೆ ಎಲ್ಲಿಗೆ ಹೋಗೋದು?" ಈ ಭಯ ಸುಳ್ಳಲ್ಲ. ಪಾಲು ಕೇಳಿ ಅಣ್ಣನ ಮಾತು ಕಳಕೊಂಡವರು ಇದ್ದಾರೆ. ಅಣ್ಣನೂ ಬಡವನೇ ಆಗಿರಬಹುದು. ಎರಡು ಎಕರೆ ಮಳೆ ಭೂಮಿಯಲ್ಲಿ ಅಪ್ಪ ಅಮ್ಮನನ್ನು ಅವನೇ ಸಾಕಿರಬಹುದು. ಅದನ್ನೆಲ್ಲ ನೋಡಿ, ನನಗೆ ಬೇಡ ಅಂತ ತಂಗಿ ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ. ಆದರೆ ತನ್ನದು ಅಂತ ಗೊತ್ತಿದ್ದರೆ ತಾನೇ ಕೊಡೋದು? ಕೊಡೋದು ಬೇರೆ, ಕಿತ್ತುಕೊಳ್ಳೋದು ಬೇರೆ. ಓದಿಸದೆ ರುಜು ಹಾಕಿಸಿದರೆ ಅದು ಕಿತ್ತುಕೊಂಡ ಹಾಗೆ.

ಇನ್ನು ಕೆಲವರು, "ಮದುವೇಲಿ ವರದಕ್ಷಿಣೆ ಕೊಟ್ಟಿದ್ದೀವಲ್ಲ, ಅದೇ ಅವಳ ಪಾಲು" ಅಂತಾರೆ. ವರದಕ್ಷಿಣೆ 1961ರಿಂದಲೇ ಅಪರಾಧ. ಆ ದುಡ್ಡು ಯಾರ ಕೈ ಸೇರಿತು? ಗಂಡನ ಮನೆಯವರ ಕೈ ಸೇರಿತು. ಅವಳ ಹೆಸರಲ್ಲಿ ಏನಿದೆ? ಅಣ್ಣ ತಮ್ಮಂದಿರೇ, ನಿಮ್ಮನ್ನೂ ಒಂದು ಮಾತು ಕೇಳುತ್ತೇವೆ. ತಂಗಿ ಪಾಲು ಕೇಳಿದರೆ ನಿಮಗೆ ಸಿಟ್ಟು ಬರುತ್ತೆ. ಹೆಂಡತಿಗೆ ಅವಳ ತವರಿನಿಂದ ಪಾಲು ಬಂದರೆ ಬೇಡ ಅನ್ನುತ್ತೀರಾ? ಎರಡಕ್ಕೂ ಒಂದೇ ತಕ್ಕಡಿ ಇರಲಿ.

ನಾಲ್ಕನೆಯದು ಪಂಚಾಯಿತಿಯ ಬೋರ್ಡು.

ಕರ್ನಾಟಕ ಇದರಲ್ಲಿ ಮುಂದೆ ಇತ್ತು. 1983ರ ಕಾಯ್ದೆಯಲ್ಲೇ ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲಾಯಿತು. ಅದರಂತೆ 1987ರಲ್ಲಿ ಚುನಾವಣೆ ನಡೆಯಿತು. ಆ ಹೊತ್ತಿಗೆ ದೇಶದ ಕಾನೂನಿನಲ್ಲಿ ಇಂಥ ಮೀಸಲಾತಿ ಇರಲಿಲ್ಲ. 1993ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ಬಂದು ದೇಶಕ್ಕೆಲ್ಲ ಮೂರನೇ ಒಂದು ಪಾಲು ಆಯಿತು. 2010ರಿಂದ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ. ಬೋರ್ಡಿನಲ್ಲಿ ಅಧ್ಯಕ್ಷೆಯ ಹೆಸರಿದೆ. ಆದರೆ ಕೆಲವು ಕಡೆ ಕುರ್ಚಿಯಲ್ಲಿ ಕೂರುವವನು ಅವಳ ಗಂಡ. ಜನವೂ ಅವನನ್ನೇ "ಅಧ್ಯಕ್ಷರೇ" ಅಂತಾರೆ. ಹೆಸರು ಬಂದರೆ ಸಾಲದು, ಆ ಹೆಸರಿನವಳು ಬಾಯಿ ಬಿಟ್ಟು ಮಾತಾಡಬೇಕು. ಎಷ್ಟೋ ಮಂದಿ ಮಾತಾಡುತ್ತಲೂ ಇದ್ದಾರೆ. ಬೋರ್‌ವೆಲ್ ಎಲ್ಲಿ ಕೊರೆಯಬೇಕು, ಬೀದಿ ದೀಪ ಯಾವ ಕೇರಿಗೆ ಬೇಕು ಅಂತ ಹೇಳುತ್ತಿದ್ದಾರೆ. ಆದರೆ ದೆಹಲಿ ಇನ್ನೂ ದೂರ. 2024ರ ಲೋಕಸಭೆ ಚುನಾವಣೆಯಲ್ಲಿ 543 ಸ್ಥಾನಗಳಲ್ಲಿ ಗೆದ್ದ ಹೆಂಗಸರು 74 ಮಾತ್ರ.

ಹಾಗಾದರೆ ಸಮಾನತೆ ಇದೆಯಾ? ನಮ್ಮ ಉತ್ತರ ಇಷ್ಟು. ಕಾನೂನಿನಲ್ಲಿ ಬಹಳ ಮಟ್ಟಿಗೆ ಇದೆ. ಬದುಕಿನಲ್ಲಿ ಅರೆಬರೆ ಇದೆ. ಕೇಳಿದವರಿಗೆ ಸ್ವಲ್ಪ ಸಿಕ್ಕಿದೆ. ಸುಮ್ಮನಿದ್ದವರಿಗೆ ಸಿಕ್ಕಿಲ್ಲ.

ಕೇಳೋದು ಹೇಗೆ? ಮೊದಲು ಓದಿ. ಯಾವ ಕಾಗದಕ್ಕೂ ಓದದೆ ರುಜು ಹಾಕಬೇಡಿ. ಅರ್ಥ ಆಗದಿದ್ದರೆ, "ನಾಳೆ ಹಾಕ್ತೀನಿ ಅಣ್ಣಾ" ಅನ್ನಿ. ಅದನ್ನು ಓದಬಲ್ಲವರಿಗೆ, ನಂಬಿಕೆ ಇರುವವರಿಗೆ ತೋರಿಸಿ. ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿ ನೋಡಿ. ವಂಶವೃಕ್ಷದಲ್ಲಿ ನಿಮ್ಮ ಹೆಸರು ಬಿಟ್ಟಿದ್ದರೆ ತಕರಾರು ಅರ್ಜಿ ಕೊಡಿ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ಕಾನೂನು ನೆರವು ಸಿಗುತ್ತೆ. ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇದೆ. 15100 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು.

ಒಬ್ಬರೇ ಹೋಗೋಕೆ ಅಂಜಿಕೆ ಆದರೆ ನಾಲ್ಕು ಜನ ಸೇರಿ ಹೋಗಿ. ಕೂಲಿ ಕೇಳೋದಾದರೂ ಅಷ್ಟೆ, ಗ್ರಾಮಸಭೆಯಲ್ಲಿ ಮಾತಾಡೋದಾದರೂ ಅಷ್ಟೆ. ಮನೆಯಲ್ಲೂ ಇದನ್ನು ಶುರು ಮಾಡೋಣ. ಮಗನಿಗೂ ಮಗಳಿಗೂ ಒಂದೇ ತಟ್ಟೆ ಅನ್ನ, ಒಂದೇ ಶಾಲೆ ಇರಲಿ. ವಂಶವೃಕ್ಷದಲ್ಲಿ ಇಬ್ಬರ ಹೆಸರೂ ಇರಲಿ.

ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ. ಇನ್ನು ನೀವು ಮಾತಾಡಿ.

ಕೂತು ಮಾತಾಡೋಣ

1. ನಿಮ್ಮ ಊರಲ್ಲಿ ಗಂಡಾಳಿಗೆ ಎಷ್ಟು ಕೂಲಿ? ಹೆಣ್ಣಾಳಿಗೆ ಎಷ್ಟು?
2. ನಿಮ್ಮ ಮನೆಯ ಪಹಣಿಯಲ್ಲಿ ಯಾರ ಹೆಸರಿದೆ? ನೋಡಿಕೊಂಡು ಬಂದು ಹೇಳಿ.
3. ರುಜು ಹಾಕುವ ಮುಂಚೆ ಕಾಗದದಲ್ಲಿ ಏನೇನು ನೋಡಬೇಕು?
4. ಪಾಲನ್ನು ಬಿಟ್ಟುಕೊಡೋದಕ್ಕೂ ಕಿತ್ತುಕೊಳ್ಳೋದಕ್ಕೂ ಏನು ವ್ಯತ್ಯಾಸ?