ಕಲ್ಲು, ಕೈ, ಅಲಗು

ನಿನ್ನೆ ಟೊಮೆಟೊ ಹೆಚ್ಚಲು ಹೋದರೆ ಚಾಕು ಸಿಪ್ಪೆಯ ಮೇಲೇ ಜಾರಿತು. ಮಗ ತಂದ ಮಸೆಯುವ ಸಾಧನದಲ್ಲಿ 20 ಡಿಗ್ರಿ ಕೋನ ಮೊದಲೇ ಕೂಡಿಸಿಟ್ಟಿದೆ. ನಾಲ್ಕು ಸಲ ಎಳೆದರಾಯಿತು. ಅವಸರದ ಬೆಳಗಿಗೆ ಒಳ್ಳೆಯದೇ. ಆದರೆ ಈಳಿಗೆಯ ಬಾಗಿದ ಅಲಗು ಅದರೊಳಗೆ ಕೂರುವುದಿಲ್ಲವಲ್ಲ!

ಅಮ್ಮ ಹಿತ್ತಿಲ ಕಲ್ಲಿಗೆ ನೀರು ಚಿಮುಕಿಸಿ ಮಸೆಯುತ್ತಿದ್ದಳು. ಕೋನ ಅವಳ ಮಣಿಕಟ್ಟಿನಲ್ಲಿತ್ತು. ಒಂದು ಮಗ್ಗುಲು ಮಸೆದು, ಇನ್ನೊಂದು ಮಗ್ಗುಲಿನ ಅಂಚಿಗೆ ಹೆಬ್ಬೆರಳನ್ನು ಅಡ್ಡಡ್ಡ ಸವರುವಳು. ಕೂದಲೆಳೆಯಷ್ಟು ತರಿ ತಾಗಿದರೆ ಲೋಹ ತುದಿಯವರೆಗೂ ಸವೆದಿದೆ ಎಂದರ್ಥ, ಆಗ ಹೊರಳಿಸುವಳು. ‘ಉದ್ದುದ್ದ ಸವರೀಯ, ಬೆರಳು ಹೋದೀತು’ ಎನ್ನುವಳು.

ನಾನೂ ಕಲ್ಲನ್ನೇ ಹಿಡಿದೆ. ಮೂರು ಸಲ ಕೋನ ತಪ್ಪಿ ಅಲಗಿನ ತುಂಬ ಗೀರು. ನಾಲ್ಕನೆಯ ಸಲ ಹೆಬ್ಬೆರಳಿಗೆ ತರಿ ತಾಗಿತು. ‘ಇನ್ನೊಂದು ಟೊಮೆಟೊ ತಾರೋ’ ಎಂದು ಮಗನನ್ನು ಕೂಗಿದೆ.